ಏಳನೇ ಮಹಡಿಯ ಉಪಪ್ರಶ್ನೆ

ಪ್ರಶ್ನೆ ಕೇಳುವುದಕ್ಕೂ ಒಂದು ಶಿಸ್ತಿದೆ. ಮೂವತ್ತೆಂಟು ವರ್ಷ ತರಗತಿಯಲ್ಲಿ ನಿಂತು ಇದನ್ನೇ ಹೇಳಿದ್ದೆ. ನಿವೃತ್ತನಾದ ಮೇಲೆ ಶಾಸನಸಭೆಯ ನಿಯಮಾವಳಿಯನ್ನು ತೆರೆದು ನೋಡಿದರೆ ಅಲ್ಲಿಯೂ ಅದೇ ಬರೆದಿತ್ತು. ಪ್ರಶ್ನೆ ನೂರೈವತ್ತು ಪದಗಳನ್ನು ಮೀರಬಾರದು. ಅದರಲ್ಲಿ ವಾದವಿರಬಾರದು, ವ್ಯಂಗ್ಯವಿರಬಾರದು, ಯಾರ ನಡತೆಯ ಮೇಲೂ ಆಪಾದನೆ ಇರಬಾರದು. ಕೇಳುವವರಿಗಾಗಲಿ ಅವರ ಕಡೆಯವರಿಗಾಗಲಿ ಅದರಿಂದ ಸ್ವಂತ ಲಾಭವಿದ್ದರೆ ಅದನ್ನು ಸಭೆಗೆ ಮೊದಲೇ ತಿಳಿಸಬೇಕು. ಇಂಥ ನಿಯಮಗಳನ್ನು ಬರೆದ ಪುಣ್ಯಾತ್ಮರು ಖಂಡಿತವಾಗಿಯೂ ಯಾವುದೋ ಶಾಲೆಯ ಮೇಷ್ಟ್ರಾಗಿದ್ದಿರಬೇಕು. ಉತ್ತರ ಹೇಳುವವರಿಗೂ ನಿಯಮ ಬರೆಯಲು ಮಾತ್ರ ಅವರಿಗೆ ಪುರಸೊತ್ತು ಸಿಗಲಿಲ್ಲವೆಂದು ತೋರುತ್ತದೆ.

ನಾನು ಪ್ರಶ್ನೆ ಬರೆದುಕೊಡುತ್ತಿದ್ದುದು ನಮ್ಮ ಕ್ಷೇತ್ರದ ಶಾಸಕಿಗೆ. ಏಳನೇ ತರಗತಿಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಆಮೇಲೆ ಹದಿನೇಳು ವರ್ಷ ನಗರದ ಬಸ್ಸು ಓಡಿಸಿದಳು. ಚುನಾವಣೆಗೆ ನಿಂತಾಗ ಅವಳ ಬಸ್ಸಿನಲ್ಲಿ ಕೂತು ಹೋದವರೆಲ್ಲ ಓಟು ಹಾಕಿದರು. ಜೋತಾಡಿಕೊಂಡು ಹೋದವರು ಮನೆಮಂದಿಯಿಂದಲೂ ಹಾಕಿಸಿದರು. ಶಾಸಕಿಯಾಗಿ ಮೂರು ವರ್ಷವಾದರೂ ಊರಿಗೆ ಅವಳು ಡ್ರೈವರಮ್ಮನೇ.

ಅವಳ ಕಚೇರಿಯೆಂದರೆ ಟಯರಿಗೆ ಪಂಚರು ಹಾಕುವ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ನನ್ನ ಮೇಜಿನ ಮೇಲಿನ ಪೆನ್ನು ತಾನಾಗಿಯೇ ನಡೆಯತೊಡಗುತ್ತದೆ. ಅಂಚಿಗೆ ಬರುವಷ್ಟರಲ್ಲಿ ಅದನ್ನು ಹಿಡಿಯುವುದು ನನಗೆ ಅಭ್ಯಾಸವಾಗಿತ್ತು. ಅಧಿವೇಶನ ನಡೆಯುವ ದಿನಗಳಲ್ಲಿ ಅಲ್ಲಿ ಕುಳಿತು ವಾರಕ್ಕೆ ಐದು ಪ್ರಶ್ನೆ ಬರೆಯುತ್ತಿದ್ದೆ. ಅವಳು ಸಹಿ ಹಾಕುವ ಮುಂಚೆ ಒಂದು ಜಗ್ಗಾಟ ಇದ್ದೇ ಇರುತ್ತಿತ್ತು.

"ಮೇಷ್ಟ್ರೇ, ಇದು ತೀರಾ ಸಪ್ಪೆ ಆಯ್ತು. ನಾಚಿಕೆ ಆಗಲ್ವಾ ಅಂತ ಒಂದು ಮಾತು ಸೇರಿಸಿ."

"ಆಪಾದನೆ ಇರಬಾರದು ಕಣಮ್ಮ. ನಿಯಮ ಇದೆ."

"ಆಪಾದನೆ ಎಲ್ಲಿ? ವಿಚಾರಿಸ್ಕೊಳ್ಳೋದು ಅಷ್ಟೆ. ಸರ್ಕಾರಕ್ಕೆ ನಾಚಿಕೆ ಆಗುತ್ತದೆಯೇ? ಆಗುವುದಾದರೆ ವಿವರ ನೀಡುವುದು. ಆಗದಿದ್ದಲ್ಲಿ ಕಾರಣ ನೀಡುವುದು."

ನಾನು ಕನ್ನಡಕ ತೆಗೆದು ಅವಳನ್ನು ದಿಟ್ಟಿಸುತ್ತಿದ್ದೆ. ಅವಳು ಏಳನೇ ತರಗತಿಯಲ್ಲಿ ನಕ್ಕ ಹಾಗೆಯೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕು ಸಹಿ ಹಾಕುತ್ತಿದ್ದಳು.

ಇಷ್ಟೆಲ್ಲ ಬರೆದರೂ ಒಂದು ವಿಷಯವನ್ನು ನಾನು ಮುಟ್ಟುತ್ತಿರಲಿಲ್ಲ. ಅದು ನನ್ನ ಅಕ್ಕನ ಮನೆ. ವಸತಿ ಮತ್ತು ನಗರ ಸೌಕರ್ಯ ಇಲಾಖೆಯ ಹದಿನಾಲ್ಕನೇ ಕಟ್ಟಡದ ಏಳನೇ ಮಹಡಿ. ಲಿಫ್ಟು ಇರಬೇಕಾದ ಎರಡು ಜಾಗಗಳಿಗೂ ಪ್ರತಿ ಮಹಡಿಯಲ್ಲಿ ಹಲಗೆ ಬಡಿದಿದ್ದರು. ಜನ ಅದಕ್ಕೆ ಮೊಳೆ ಹೊಡೆದು ಕೊಡೆ, ಪೊರಕೆ ನೇತುಹಾಕಿದ್ದರು. ಮಂಡಿ ಕೈಕೊಟ್ಟ ಮೇಲೆ ಅಕ್ಕ ಹತ್ತು ತಿಂಗಳಿಂದ ನೆಲ ಮುಟ್ಟಿರಲಿಲ್ಲ. ಕಿಟಕಿಯಿಂದ ಹಗ್ಗ ಕಟ್ಟಿದ ಬಕೆಟ್ಟು ಇಳಿಯುತ್ತಿತ್ತು, ತರಕಾರಿ ತುಂಬಿಕೊಂಡು ಏರುತ್ತಿತ್ತು. ತಳ್ಳುಗಾಡಿಯ ತರಕಾರಿಯವನೊಡನೆ ಅವಳ ವ್ಯವಹಾರವೆಲ್ಲ ಏಳು ಮಹಡಿಯ ಎತ್ತರದಿಂದ ಕೂಗಿಯೇ ನಡೆಯಬೇಕಾಗಿತ್ತು.

"ನಿನ್ನೆ ಕೊಟ್ಟ ಟೊಮೇಟೊ ಬಕೆಟ್ಟಲ್ಲೇ ಸಾರಾಗಿತ್ತು ಕಣಪ್ಪಾ!" ಎಂದು ಅವಳು ಮೇಲಿನಿಂದ ಕೂಗುವಳು.

"ನೀವು ಹಗ್ಗ ಕುಣಿಸಿದ್ರೆ ಕಲ್ಲೂ ಸಾರಾಗತ್ತೆ ಅಮ್ಮಾ!" ಎಂದು ಅವನು ಕೆಳಗಿನಿಂದ ಕೂಗುವನು.

ಬೀದಿಯೆಲ್ಲ ನಿಂತು ಕೇಳುತ್ತಿತ್ತು. ಅಕ್ಕನ ಆಸೆ ದೊಡ್ಡದಲ್ಲ. "ಒಂದೇ ಒಂದು ದಿನ ಕೆಳಗಿಳಿದು ಅವನ ಮುಖ ನೋಡಿ ಜಗಳ ಆಡ್ಬೇಕು ಕಣೋ ಪುಟ್ಟ. ಟೊಮೇಟೊ ಕೈಯಲ್ಲಿ ಒತ್ತಿ ನೋಡ್ಬೇಕು. ನನ್ನ ಹಣೇಲಿ ಅದೂ ಬರೆದಿಲ್ವಾ?" ಎನ್ನುತ್ತಿದ್ದಳು. ಅರವತ್ತಾರು ವರ್ಷದ ನಿವೃತ್ತ ಮುಖ್ಯೋಪಾಧ್ಯಾಯನನ್ನು ಪುಟ್ಟ ಎಂದು ಕರೆಯುವ ಹಕ್ಕು ಈ ಭೂಮಿಯ ಮೇಲೆ ಅವಳೊಬ್ಬಳಿಗೇ ಉಳಿದಿತ್ತು.

ಪ್ರಶ್ನೆ ಬರೆಯುವವನು ತನ್ನ ಅಕ್ಕನ ಲಿಫ್ಟಿಗಾಗಿ ಬರೆದರೆ ಅದು ಪ್ರಶ್ನೆಯೋ ಪಕ್ಷಪಾತವೋ? ಇಲಾಖೆಯ ವಾರ್ಷಿಕ ವರದಿ ನನ್ನ ಮೇಜಿನ ಮೇಲೇ ಇತ್ತು. ನೀಲಿ ರಟ್ಟಿನ ದಪ್ಪ ಪುಸ್ತಕ. ಅದರಲ್ಲಿ ಹದಿನಾಲ್ಕನೇ ಕಟ್ಟಡದ ವಿವರವಿದ್ದ ಎರಡು ಪುಟಗಳಿಗೆ ನಾನೇ ಕ್ಲಿಪ್ಪು ಹಾಕಿಟ್ಟಿದ್ದೆ, ಆಕಸ್ಮಿಕವಾಗಿಯೂ ಕಣ್ಣು ಅತ್ತ ಹಾಯಬಾರದೆಂದು. ನನ್ನ ಪ್ರಾಮಾಣಿಕತೆಯ ಬಗ್ಗೆ ಆಗ ನನಗೆ ಬಹಳ ಹೆಮ್ಮೆಯಿತ್ತು.

ಎಲ್ಲ ಶುರುವಾದದ್ದು ನನ್ನ ಒಂದು ತಪ್ಪಿನಿಂದ.

ಸಂತೆಬೀದಿಯ ದರ್ಜಿಯೊಬ್ಬರು, ಸಂಜೆಯಾದರೆ ಅಲ್ಲಿ ರಸ್ತೆ ದಾಟಲಾಗುವುದಿಲ್ಲ, ಕತ್ತಲೆಯಲ್ಲಿ ಲಾರಿಗಳು ಮೈಮೇಲೆ ಬರುತ್ತವೆ ಎಂದು ಕಾಗದ ಬರೆದಿದ್ದರು. ನಾನು ನೀಲಿ ಪುಸ್ತಕ ತೆರೆದೆ. 'ಸಂತೆಬೀದಿ: ಪಾದಚಾರಿ ಮೇಲ್ಸೇತುವೆ ಒಂದು, ಸ್ಥಿತಿ: ಪೂರ್ಣ' ಎಂದಿತ್ತು. ಅಚ್ಚಾದದ್ದನ್ನು ನಂಬುವುದು ನನ್ನ ವೃತ್ತಿಯ ರೋಗ. ಸೇತುವೆಯಿದೆ, ಆದರೂ ಕತ್ತಲೆಯಿದೆ; ಅಂದಮೇಲೆ ಸೇತುವೆಯ ದೀಪ ಉರಿಯುತ್ತಿಲ್ಲ ಎಂದು ತೀರ್ಮಾನಿಸಿ, 'ಸಂತೆಬೀದಿಯ ಮೇಲ್ಸೇತುವೆಯ ದೀಪಗಳು ಸಂಜೆ ಉರಿಯದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದು ನೀಟಾಗಿ ಬರೆದುಕೊಟ್ಟೆ.

ಉತ್ತರದ ದಿನ ಡ್ರೈವರಮ್ಮ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದಳು. ಕುರ್ಚಿಯ ಮೇಲೆ ಕೂರಲು ಹೋಗಿ, ನಗು ತಡೆಯಲಾರದೆ, ಕುರ್ಚಿಯ ಪಕ್ಕದಲ್ಲಿ ಕೂತಳು.

"ಮೇಷ್ಟ್ರೇ, ಸಂತೆಬೀದೀಲಿ ಸೇತುವೆ ಎಲ್ಲಿದೆ?"

"ಸಂತೆಬೀದಿಯಲ್ಲೇ ಇರಬೇಕಲ್ಲಮ್ಮ."

"ಹದಿನೇಳು ವರ್ಷ ಆ ರೋಡಲ್ಲಿ ಬಸ್ ಓಡ್ಸಿದೀನಿ. ಸೇತುವೆ ಬಿಡಿ, ಅಲ್ಲಿ ಒಂದು ಏಣಿ ಕೂಡ ಇಲ್ಲ! ಈ ಸಲ ಓದದೇ ಸಹಿ ಹಾಕಿದ್ದೆ. ಸದನದಲ್ಲಿ ಕಾಗದ ಕೈಗೆ ಬಂದಿದ್ದೇ ಎದ್ದು ಓದಿಬಿಟ್ಟೆ, ಓದ್ತಾ ಓದ್ತಾ ಎದೆ ಧಸಕ್ ಅಂತು. ಮಂತ್ರಿಗಳು ಏನಂದ್ರು ಗೊತ್ತಾ?" ಅವಳು ಎದ್ದು ನಿಂತು, ಇಲ್ಲದ ಶಾಲು ಸರಿಮಾಡಿಕೊಂಡು, ಗಂಟಲು ದಪ್ಪ ಮಾಡಿದಳು: "'ಹೌದು, ಬಂದಿದೆ. ಕೆಟ್ಟಿದ್ದ ನಾಲ್ಕು ದೀಪಗಳನ್ನು ಈಗಾಗಲೇ ಬದಲಾಯಿಸಲಾಗಿದೆ.' ಎಲ್ಲರೂ ಮೇಜು ಕುಟ್ಟಿದ್ರು. ನಾನೂ ಕುಟ್ಟಿದೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲದ ಸೇತುವೆಗೆ ಹೊಸ ದೀಪ! ನನ್ನ ತರಗತಿಯಲ್ಲಿ ಇಂಥ ಉತ್ತರ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಸದನಕ್ಕೆ ಸುಳ್ಳು ಹೇಳಿದ ಮಂತ್ರಿ ತಾನೇ ಎದ್ದು ನಿಂತು ತಿದ್ದುಪಡಿಯ ಹೇಳಿಕೆ ಓದಬೇಕೆಂಬ ನಿಯಮವಿದೆ. ನಾನು ಆ ಕ್ಷಣವೇ ಸಭಾಧ್ಯಕ್ಷರಿಗೆ ಎರಡು ಪುಟದ ದೂರು ಬರೆದೆ. ಒಂದು ಪ್ರತಿಯನ್ನು ಸೌಜನ್ಯಕ್ಕಾಗಿ ಇಲಾಖೆಗೂ ಕಳಿಸಿದೆ. ಸ್ಥಳ ಪರಿಶೀಲನೆಗೆ ಸಭಾಧ್ಯಕ್ಷರು ಇಪ್ಪತ್ತು ದಿನಗಳ ನಂತರದ ತಾರೀಖು ಕೊಟ್ಟರು.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ವಸತಿ ಮತ್ತು ನಗರ ಸೌಕರ್ಯದ ಮಂತ್ರಿಗಳು ಆ ವರ್ಷ ಅಂಥ ತಿದ್ದುಪಡಿಯನ್ನು ಎರಡು ಸಲ ಓದಿಯಾಗಿತ್ತು. ಮೂರನೆಯದನ್ನು ಓದಿದರೆ ಖಾತೆ ಕಿತ್ತುಕೊಳ್ಳುವುದಾಗಿ ಮುಖ್ಯಮಂತ್ರಿಗಳು ಹೇಳಿದ್ದರಂತೆ. ಆದ್ದರಿಂದ ಇಲಾಖೆಯವರು ಕೂತು ಯೋಚಿಸಿದರು: ಉತ್ತರವನ್ನು ತಿದ್ದುವಂತಿಲ್ಲ, ಹಾಗಾದರೆ ಊರನ್ನೇ ತಿದ್ದೋಣ.

ಹತ್ತೊಂಬತ್ತನೆಯ ದಿನ ಸಂತೆಬೀದಿಯಲ್ಲಿ ಕಬ್ಬಿಣದ ಮೇಲ್ಸೇತುವೆ ನಿಂತಿತ್ತು! ಮೆಟ್ಟಿಲಿಗೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ದಾಟಿದವರ ಚಪ್ಪಲಿಯೆಲ್ಲ ಹಸಿರು. ಮೇಲೆ ನಾಲ್ಕು ದೀಪ, ಬುಡದಲ್ಲಿ ಗಾಜಿನ ಡಬ್ಬಿಯಲ್ಲಿ ನಾಲ್ಕು 'ಕೆಟ್ಟ ದೀಪ', ಸಾಕ್ಷಿಗೆ. ಆ ದರ್ಜಿ ಅಂದು ಸಂಜೆ ಕೆಲಸವಿಲ್ಲದಿದ್ದರೂ ಹನ್ನೊಂದು ಸಲ ರಸ್ತೆ ದಾಟಿದರೆಂದು ತಿಳಿಯಿತು.

ಅಂದಿನಿಂದ ಡ್ರೈವರಮ್ಮನನ್ನು ಹಿಡಿಯುವವರೇ ಇಲ್ಲದಾಯಿತು.

"ಮೇಷ್ಟ್ರೇ, ಬರೀರಿ! ನಮ್ಮ ಬಡಾವಣೆಯ ಈಜುಕೊಳದ ನೀರು ತಣ್ಣಗಿದೆ ಅಂತ ಬರೀರಿ!"

"ಈಜುಕೊಳ ಇಲ್ಲ."

"ಅದಕ್ಕೇ ಬರೀರಿ ಅನ್ನೋದು!"

"ಇಲ್ಲವೆಂದು ಗೊತ್ತಿದ್ದೂ ಇದೆಯೆಂದು ಕೇಳುವುದು ಅಸತ್ಯ. ನನ್ನ ಕೈಯಿಂದ ಆಗದು."

"ಪ್ರಶ್ನೆ ಎಲ್ಲಾದರೂ ಸುಳ್ಳಾಗುತ್ತಾ ಮೇಷ್ಟ್ರೇ? ಉತ್ತರ ಸುಳ್ಳಾಗಬಹುದು."

ಎರಡು ದಿನ ನಾನು ಒಪ್ಪಲಿಲ್ಲ. ಮೂರನೆಯ ದಿನ, ಚಹಾದ ಲೋಟ ಕೈಯಲ್ಲಿರುವಾಗಲೇ, ನನಗೊಂದು ತತ್ವ ಹೊಳೆಯಿತು. ನೀಲಿ ಪುಸ್ತಕದಲ್ಲಿ 'ಪೂರ್ಣ' ಎಂದು ಅಚ್ಚಾದುದರ ಬಗ್ಗೆ ಮಾತ್ರ ಕೇಳುವುದು. ಅದು ನಿಜವಾಗಿ ಇದೆಯೋ ಇಲ್ಲವೋ ಎಂದು ಮೊದಲೇ ಹೋಗಿ ನೋಡಕೂಡದು. ನೋಡಿ ಕೇಳಿದರೆ ಅದು ವ್ಯಂಗ್ಯ. ನೋಡದೆ ಕೇಳಿದರೆ ಅದು ವಿಶ್ವಾಸ. ಸರ್ಕಾರದ ಮಾತನ್ನು ನಂಬುವುದು ನಾಗರಿಕನ ಮೊದಲ ಕರ್ತವ್ಯವೆಂದು ನಾನೇ ಮೂವತ್ತೆಂಟು ವರ್ಷ ಪಾಠ ಮಾಡಿಲ್ಲವೇ?

"ಅಬ್ಬಬ್ಬಾ! ನೀವು ರಾಜಕೀಯಕ್ಕೆ ಬರಬೇಕಿತ್ತು," ಎಂದಳು ಡ್ರೈವರಮ್ಮ. ಅದನ್ನು ಹೊಗಳಿಕೆಯೆಂದು ನಾನು ಸ್ವೀಕರಿಸಲಿಲ್ಲ.

ಆಮೇಲಿನ ಎರಡು ತಿಂಗಳು ಊರಿಗೆ ಯಾರೋ ಮಂತ್ರ ಹಾಕಿದಂತಿತ್ತು. ನಾವು ಕೆರೆ ಏರಿಯ ಉದ್ಯಾನದ ಬೆಂಚುಗಳ ಬಗ್ಗೆ ಕೇಳಿದೆವು. 'ಹದಿನೆಂಟು ಬೆಂಚುಗಳಿದ್ದು ಒಂದು ಮಾತ್ರ ಅಲುಗಾಡುತ್ತದೆ' ಎಂದು ಉತ್ತರ ಬಂತು. ಉತ್ತರಕ್ಕೆ ನಿಜದ ಕಳೆ ಬರಲೆಂದು ಇಲಾಖೆಯವರು ಅಲ್ಲಲ್ಲಿ ಇಂಥ ಒಗ್ಗರಣೆ ಹಾಕುತ್ತಿದ್ದರು. ವಾರ ಕಳೆಯುವುದರಲ್ಲಿ ಕಸದ ಗುಡ್ಡೆ ಮಾಯವಾಗಿ ಹದಿನೆಂಟು ಬೆಂಚು ಬಂದವು. ಹದಿನೆಂಟನೆಯದನ್ನು ಅಲುಗಾಡಿಸಲು ಒಬ್ಬ ಬಡಗಿ ಅರ್ಧ ದಿನ ಬೆವರು ಸುರಿಸಿದ. ಕೂಲಿಕಾರರ ಕೇರಿಯ ವಾಚನಾಲಯ ಹೊತ್ತಿಗೆ ಸರಿಯಾಗಿ ತೆರೆಯುತ್ತದೆಯೇ ಎಂದು ಕೇಳಿದೆವು. 'ಒಮ್ಮೆ ತಡವಾಗಿದ್ದು, ಕಾವಲುಗಾರನಿಗೆ ನೋಟಿಸು ನೀಡಲಾಗಿದೆ' ಎಂದರು. ವಾಚನಾಲಯ ಎದ್ದಿತು. ಕಾವಲುಗಾರ ಬಂದ. ಬಂದವನು ಎರಡನೇ ದಿನವೇ ಕಾಗದ ಹಿಡಿದು ನಮ್ಮ ಕಚೇರಿಯಲ್ಲಿ ನಿಂತಿದ್ದ.

"ಸಾರ್, ನಾನು ಕೆಲಸಕ್ಕೆ ಸೇರಿದ್ದೇ ನಿನ್ನೆ. ನೋಟಿಸು ಹೋದ ತಿಂಗಳದ್ದು. ನಾನು ಯಾವಾಗ ಸಾರ್ ತಡ ಮಾಡಿದೆ?"

"ಹುಟ್ಟೋದ್ರಲ್ಲಿ ಕಣಪ್ಪಾ," ಎಂದು ಡ್ರೈವರಮ್ಮ ಅವನಿಗೆ ಚಹಾ ತರಿಸಿದಳು.

ಅವನ ಹಿಂದೆಯೇ ಇನ್ನೊಬ್ಬರು ಮೆಟ್ಟಿಲೇರಿ ಬಂದರು. ಬಗಲಲ್ಲಿ ಕಡತ, ಕಣ್ಣ ಕೆಳಗೆ ಕಪ್ಪು. ಇಲಾಖೆಯಲ್ಲಿ ಸದನದ ಉತ್ತರಗಳನ್ನೆಲ್ಲ ಬರೆಯುವ ಗುಮಾಸ್ತರು ತಾವೇ ಎಂದು ಪರಿಚಯ ಹೇಳಿಕೊಂಡರು.

"ಕೈ ಮುಗೀತೀನಿ ಮೇಷ್ಟ್ರೇ. ಸ್ವಲ್ಪ ಚಿಕ್ಕ ಚಿಕ್ಕದು ಕೇಳಿ. ಕಸದ ಡಬ್ಬಿ, ಬೀದಿ ಹೆಸರಿನ ಫಲಕ, ಹೀಗೆ. ಹಿಂದೆ ನನಗೆ ಉತ್ತರ ಬರೆದರೆ ಕೆಲಸ ಮುಗೀತಿತ್ತು. ಈಗ ಬರೆದ ಮೇಲೆ ಶುರುವಾಗತ್ತೆ."

"ಮೊದಲೇ ಹೋಗಿ ನೋಡಿಕೊಂಡು ಬಂದು ಉತ್ತರ ಬರೆಯಬಹುದಲ್ಲ?" ಎಂದೆ ನಾನು.

ಅವರು ಕಡತವನ್ನು ಒಂದು ಬಗಲಿನಿಂದ ಇನ್ನೊಂದು ಬಗಲಿಗೆ ಬದಲಾಯಿಸಿದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಆ ಸಲಹೆಯನ್ನು ಅವರು ಮೊದಲ ಸಲ ಕೇಳುತ್ತಿರುವಂತೆ ಕಂಡಿತು.

ಈ ಸಡಗರದಲ್ಲಿ ಮುಳುಗಿದ್ದ ನಾನು ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ನೂರಾ ಇಪ್ಪತ್ತಾರು ಮೆಟ್ಟಿಲು. ಬಾಗಿಲಲ್ಲೇ ನಿಂತಿದ್ದಳು, ಸೊಂಟದ ಮೇಲೆ ಕೈ.

"ಬಂದ್ಯಾ ಊರಿಗೆ ಉಪಕಾರಿ? ಸಂತೆಬೀದಿಗೆ ಸೇತುವೆ ಆಯ್ತು, ಕೆರೆ ಏರಿಗೆ ಬೆಂಚು ಆಯ್ತು, ಒಡಹುಟ್ಟಿದವಳಿಗೆ ಮೆಟ್ಟಿಲೇ ಗತಿ."

"ಅಕ್ಕಾ, ನಿನಗೆ ಎಷ್ಟು ಸಲ ಹೇಳಬೇಕು? ನಿನ್ನ ತಮ್ಮನಾಗಿ ನಾನು..."

"ತಮ್ಮನಾಗಿ ಏನೂ ಮಾಡ್ಬೇಡ. ಇಲ್ಲಿ ಬಾ."

ನನ್ನ ತೋಳು ಹಿಡಿದು ಹೊರಗಿನ ಮೊಗಸಾಲೆಗೆ ಎಳೆದಳು. ಅಲ್ಲಿ ಎದುರುಮನೆಯ ಹೊಲಿಗೆಯಾಕೆ ಎರಡು ಕೊಡ ನೀರು ಇಳಿಸಿ ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು. ಎಂಟನೇ ಮಹಡಿಯ ತುಂಬುಗರ್ಭಿಣಿ ಮೆಟ್ಟಿಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು.

"ಇವರಿಗೆ ನೀನು ತಮ್ಮನಾ?"

"ಅಲ್ಲ."

"ಈ ಕಟ್ಟಡದಲ್ಲಿ ನಲವತ್ತೆಂಟು ಮನೆ. ನಾನೊಬ್ಬಳು ನಿನ್ನ ಅಕ್ಕ ಅನ್ನೋ ಪಾಪಕ್ಕೆ ಉಳಿದ ನಲವತ್ತೇಳು ಮನೆಯವರು ಯಾಕೋ ಮೆಟ್ಟಿಲು ಹತ್ತಬೇಕು? ನಾನು ಇಲ್ಲಿ ಇಲ್ಲದಿದ್ರೆ ನೀನು ಎಂದೋ ಕೇಳಿಬಿಡ್ತಿದ್ದೆ. ಹೌದೋ ಅಲ್ವೋ? ಹೌದಾದರೆ ವಿವರ ಕೊಡು."

ಮೂವತ್ತೆಂಟು ವರ್ಷದ ನ್ಯಾಯವೆಲ್ಲ ಆ ಏಳನೇ ಮಹಡಿಯ ಮೊಗಸಾಲೆಯಲ್ಲಿ ಬಿದ್ದು ಪುಡಿಯಾಯಿತು. ಪಕ್ಷಪಾತಕ್ಕೆ ಹೆದರಿ ನಾನು ಮಾಡಿದ್ದು ಪಕ್ಷಪಾತವೇ, ತಲೆಕೆಳಗಾದ ಪಕ್ಷಪಾತ. ಶಾಲೆಯಲ್ಲಿ ನನ್ನ ಮಗಳಿಗೆ ನಾನು ಬೇಕೆಂದೇ ಎರಡು ಅಂಕ ಕಡಿಮೆ ಕೊಡುತ್ತಿದ್ದೆ. ಅದು ನೆನಪಾಗಿ ಕಿವಿ ಬಿಸಿಯಾಯಿತು. ಕಚೇರಿಗೆ ಹಿಂದಿರುಗಿ ನೀಲಿ ಪುಸ್ತಕದ ಕ್ಲಿಪ್ಪು ತೆಗೆದೆ. ತುಕ್ಕು ಹಿಡಿದಿತ್ತು. ಒಳಗೆ ಅಚ್ಚಾಗಿತ್ತು: 'ಹದಿನಾಲ್ಕನೇ ಕಟ್ಟಡ: ಲಿಫ್ಟು ಎರಡು, ಸ್ಥಿತಿ: ಪೂರ್ಣ.'

ಆದರೆ ಇಲ್ಲಿ ನನ್ನ ಹಳೆಯ ತತ್ವ ನಡೆಯುವಂತಿರಲಿಲ್ಲ. ಈ ಲಿಫ್ಟು ಇಲ್ಲವೆಂಬುದನ್ನು ನನ್ನ ಎರಡು ಮಂಡಿಗಳೇ ಬಲ್ಲವು. ಆದ್ದರಿಂದ ನೇರವಾಗಿ ಬರೆದೆ: 'ಹದಿನಾಲ್ಕನೇ ಕಟ್ಟಡದಲ್ಲಿ ಲಿಫ್ಟು ಇದೆಯೇ? ಇದ್ದಲ್ಲಿ, ಅದರಲ್ಲಿ ಕೊನೆಯ ಸಲ ಏರಿದವರು ಯಾರು?' ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಈ ಪ್ರಶ್ನೆ ಬರೆದವನ ಅಕ್ಕ ಅದೇ ಕಟ್ಟಡದ ಏಳನೇ ಮಹಡಿಯಲ್ಲಿ ವಾಸವಾಗಿದ್ದಾಳೆಂಬುದನ್ನು ಸಭೆಗೆ ತಿಳಿಸತಕ್ಕದ್ದು.

ಡ್ರೈವರಮ್ಮ ಓದಿ ತಲೆ ಕೆರೆದುಕೊಂಡಳು. "ನೇರವಾಗಿ ಕೇಳಿದ್ರೆ ಗುಮಾಸ್ತರು ಎಚ್ಚೆತ್ಕೊಂಡು 'ಇಲ್ಲ' ಅಂದುಬಿಟ್ರೆ? ಆಮೇಲೆ ಯೋಜನೆ, ಪರಿಶೀಲನೆ, ಸಮಿತಿ. ಅಕ್ಕ ಕೆಳಗಿಳಿಯೋಷ್ಟರಲ್ಲಿ ನಾನು ಅಜ್ಜಿ ಆಗಿರ್ತೀನಿ."

"ನಿಜ ಹೇಳಿದರೆ ನಿಜವನ್ನೇ ತೆಗೆದುಕೊಳ್ಳೋಣ ಕಣಮ್ಮ."

"ಸರಿ. ಆದರೆ ಉಪಪ್ರಶ್ನೆ ನನ್ನದು. ನೀವು ಬರೀಬೇಡಿ."

ಸದಸ್ಯರು ಉತ್ತರ ಕೇಳಿದ ಮೇಲೆ ಮುನ್ಸೂಚನೆಯಿಲ್ಲದೆ ಕೇಳಬಹುದಾದ ಮರುಪ್ರಶ್ನೆಯೇ ಉಪಪ್ರಶ್ನೆ. ಅದಕ್ಕೆ ನೂರೈವತ್ತು ಪದಗಳ ಬೇಲಿಯಿಲ್ಲ, ಮೇಷ್ಟ್ರ ತಿದ್ದುಪಡಿಯೂ ಇಲ್ಲ. ನನಗೆ ಭಯವಾಯಿತು.

ಅಧಿವೇಶನದ ಕೊನೆಯ ದಿನ. ಪ್ರಶ್ನೆಗಳ ಸರದಿಗಾಗಿ ಚೀಟಿ ಎತ್ತಿದಾಗ ನಮ್ಮ ಪ್ರಶ್ನೆ ಮೊದಲನೆಯದಾಗಿ ಬಂದಿತ್ತು. ನಾನು ಪ್ರೇಕ್ಷಕರ ಗ್ಯಾಲರಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೈಕಟ್ಟಿ ಕೂತಿದ್ದೆ. ಅಲ್ಲಿ ಮಾತಾಡಬಾರದು, ನಗಬಾರದು, ಕಾಲ ಮೇಲೆ ಕಾಲು ಹಾಕಬಾರದು. ನನಗೆ ಮನೆಯಲ್ಲಿದ್ದ ಹಾಗೆಯೇ ಇತ್ತು. ಎದುರಿನ ಅಧಿಕಾರಿಗಳ ಸಾಲಿನಲ್ಲಿ ಉತ್ತರದ ಗುಮಾಸ್ತರು ಕಡತವನ್ನು ಎದೆಗವಚಿಕೊಂಡಿದ್ದರು.

ಡ್ರೈವರಮ್ಮ ಪ್ರಶ್ನೆ ಓದಿದಳು, ಅಕ್ಕನ ವಿಷಯವನ್ನೂ ಚಾಚೂ ತಪ್ಪದೆ ತಿಳಿಸಿದಳು. ಮಂತ್ರಿಗಳು ಎದ್ದರು.

"ಮಾನ್ಯ ಸಭಾಧ್ಯಕ್ಷರೇ, ಲಿಫ್ಟು ಇದೆ. ಎರಡು ಇವೆ. ಹಿರಿಯರ ಅನುಕೂಲಕ್ಕಾಗಿ ಒಳಗೆ ಒಂದು ಕನ್ನಡಿ ಹಾಗೂ ಒಂದು ಮಡಚುವ ಕುರ್ಚಿಯನ್ನು ಅಳವಡಿಸಲಾಗಿದೆ. ಕೊನೆಯ ಸಲ ಏರಿದವರ ಹೆಸರನ್ನು ಇಲಾಖೆ ಬರೆದಿಟ್ಟುಕೊಂಡಿರುವುದಿಲ್ಲ."

ಕನ್ನಡಿ! ಮಡಚುವ ಕುರ್ಚಿ! ಡ್ರೈವರಮ್ಮ ಸಾವಕಾಶವಾಗಿ ಎದ್ದಳು.

"ಉಪಪ್ರಶ್ನೆ ಸಭಾಧ್ಯಕ್ಷರೇ. ಕುರ್ಚಿ ಇದ್ದೂ ನಮ್ಮ ಮೇಷ್ಟ್ರ ಅಕ್ಕ ಹದಿನಾಲ್ಕು ತಿಂಗಳಿಂದ ಕೆಳಗಿಳಿದಿಲ್ಲ. ಯಾಕಿರಬಹುದು?"

ಮಂತ್ರಿಗಳಿಗೆ ಆ ದಿನ ಒಳ್ಳೆಯ ಹುರುಪು. "ಅವರಿಗೆ ಲಿಫ್ಟೆಂದರೆ ಭಯವಿರಬಹುದು!" ಎಂದರು. ಸಭೆ ಘೊಳ್ಳೆಂದಿತು.

"ಹಾಗಾದ್ರೆ ಮಂತ್ರಿಗಳು ತಾವೇ ಬಂದು ಧೈರ್ಯ ಹೇಳಿ ಲಿಫ್ಟಲ್ಲಿ ಕೆಳಗಿಳಿಸಿಕೊಡ್ತಾರಾ?"

"ಯಾಕಾಗಬಾರದು? ನನ್ನ ತಾಯಿಯ ಸಮಾನ ಅವರು! ಈ ತಿಂಗಳ ಮೂವತ್ತರಂದು, ಬೆಳಿಗ್ಗೆ ಹತ್ತು ಗಂಟೆಗೆ, ನಾನೇ ಏಳನೇ ಮಹಡಿಗೆ ಹೋಗಿ ಅವರನ್ನು ಕರೆತರುತ್ತೇನೆ!"

ಮೇಜುಗಳು ಗುಡುಗಿದವು. ಗುಮಾಸ್ತರ ಕೈಯಿಂದ ಕಡತ ಜಾರಿ, ಒಳಗಿನ ಕಾಗದವೆಲ್ಲ ಅಧಿಕಾರಿಗಳ ಕಾಲ ಮೇಲೆ ಹರಡಿತು. ಅವರ ಮುಖ ನೋಡಿದೊಡನೆ ನನಗೆ ನಗು ಉಕ್ಕಿ ಬಂತು. ತುಟಿ ಕಚ್ಚಿದೆ. ಬಾಯಿಗೆ ಕರವಸ್ತ್ರ ತುರುಕಿಕೊಂಡೆ. ಆಗಲಿಲ್ಲ. ಇಡೀ ಗ್ಯಾಲರಿಗೆ ಕೇಳುವಂತೆ ಕಿಸಕ್ಕೆಂದು, ಆಮೇಲೆ ಹೋ ಎಂದು ನಕ್ಕುಬಿಟ್ಟೆ. ಕಾವಲಿನವರು ಬಂದು ನನ್ನ ರಟ್ಟೆ ಹಿಡಿದು ಬಾಗಿಲ ಹೊರಗೆ ನಿಲ್ಲಿಸಿದರು. ಎಷ್ಟು ಮಕ್ಕಳನ್ನು ಹೀಗೆ ನಿಲ್ಲಿಸಿದ್ದೆನೋ. ಹೊರಗೆ ಇಷ್ಟು ಸುಖವಿದೆಯೆಂದು ಒಬ್ಬರೂ ನನಗೆ ಹೇಳಿರಲಿಲ್ಲ. ಮುಚ್ಚಿದ ಬಾಗಿಲಿನ ಹಿಂದಿನಿಂದ ಸಭಾಧ್ಯಕ್ಷರ ದನಿ ಕೇಳಿಸಿತು: "ಮಂತ್ರಿಗಳ ಮಾತನ್ನು ಭರವಸೆಯೆಂದು ದಾಖಲಿಸಿಕೊಳ್ಳಿ." ದಾಖಲಾದ ಭರವಸೆ ತಪ್ಪಿದರೆ ಅದೂ ತಿದ್ದುಪಡಿಯೇ, ಮೂರನೆಯದು.

ಮೂವತ್ತಕ್ಕೆ ಇಪ್ಪತ್ತಾರು ದಿನಗಳಿದ್ದವು.

ಮರುದಿನ ಬೆಳಗಾಗುವುದರಲ್ಲಿ ಹದಿನಾಲ್ಕನೇ ಕಟ್ಟಡದ ಮುಂದೆ ಎರಡು ಲಾರಿ. ಹಲಗೆಗಳು ಕಿತ್ತುಬಂದವು, ಕೊಡೆ ಪೊರಕೆಗಳು ಮನೆ ಸೇರಿದವು. ಉಕ್ಕಿನ ಹಗ್ಗ, ಕಂಬಿ, ಮೋಟಾರು ಎಲ್ಲವೂ ಮೆಟ್ಟಿಲಿನ ಮೇಲೆಯೇ ಏರಬೇಕು. ಎಂಜಿನಿಯರು ಏಳನೇ ಮಹಡಿ ತಲುಪುವ ಹೊತ್ತಿಗೆ ನಾಲಿಗೆ ಹೊರಗೆ ಬಂದಿರುತ್ತಿತ್ತು. ಅಕ್ಕ ನೀರಿನ ಲೋಟ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು.

"ಯಾಕಪ್ಪಾ ಹೀಗೆ ಬೆವರಿದೀಯ? ಲಿಫ್ಟಲ್ಲಿ ಬರಬಾರದಿತ್ತಾ? ಕುರ್ಚಿ ಬೇರೆ ಇದೆಯಂತೆ."

ಇಪ್ಪತ್ತೈದನೆಯ ದಿನ ಲಿಫ್ಟು ಬರಿದಾಗಿ ಏರಿತು, ಮರಳಿನ ಚೀಲ ಹೊತ್ತು ಇಳಿಯಿತು. ತಪಾಸಣೆಯವರು ನಾಲ್ಕು ಸಲ ಏರಿಳಿದು ನೋಡಿ ಸಹಿ ಹಾಕಿದರು. ಮೂವತ್ತರ ಬೆಳಿಗ್ಗೆ ಒಂಬತ್ತೂವರೆಗೆ ಗುಮಾಸ್ತರು ಬೆನ್ನಿಗೆ ಒಂದು ದೊಡ್ಡ ಕನ್ನಡಿ ಕಟ್ಟಿಕೊಂಡು ಓಡೋಡಿ ಬಂದರು.

"ಎಲ್ಲ ತಂದ್ರು, ಇದನ್ನ ಮರೆತ್ರು ಮೇಷ್ಟ್ರೇ! ಉತ್ತರದಲ್ಲಿ ಕನ್ನಡಿ ಇದೆಯಲ್ಲ! ಇದು ನಮ್ಮ ಮನೆಯವಳದ್ದು. ಅವಳು ಈಗ ಊಟದ ತಟ್ಟೇಲಿ ಮುಖ ನೋಡ್ಕೊಂಡು ತಲೆ ಬಾಚ್ತಿದ್ದಾಳೆ."

"ಬರೆಯುವಾಗ ಕೈ ಹಿಡಿತದಲ್ಲಿರಬೇಕು," ಎಂದು ನಾನು ಬುದ್ಧಿ ಹೇಳುತ್ತಲೇ ಕನ್ನಡಿಯ ಒಂದು ಬದಿ ಹಿಡಿದುಕೊಂಡೆ.

ಹತ್ತು ಗಂಟೆಗೆ ಮಂತ್ರಿಗಳು ಬಂದರು. ಲಿಫ್ಟಿನ ಬಾಗಿಲ ಮುಂದೆ ಒಂದು ಕ್ಷಣ ತಡೆದು, ಎಂಜಿನಿಯರನ್ನು ಮೊದಲು ಒಳಗೆ ಕಳಿಸಿ, ಆಮೇಲೆ ಹತ್ತಿದರು. ಮೇಲೆ ಅಕ್ಕ ಸಿದ್ಧವಾಗಿದ್ದಳು. ಹದಿನಾಲ್ಕು ತಿಂಗಳಿಂದ ಪೆಟ್ಟಿಗೆಯಲ್ಲಿದ್ದ ಚಪ್ಪಲಿ ಸೆಟೆದುಕೊಂಡಿತ್ತು. ಹೊಲಿಗೆಯಾಕೆ ಎಣ್ಣೆ ಸವರಿ ತೊಡಿಸಿದ್ದಳು. ಇಳಿಯುವಾಗ ಒಳಗೆ ಅಕ್ಕ, ಮಂತ್ರಿಗಳು, ಡ್ರೈವರಮ್ಮ, ನಾನು. ಅಕ್ಕ ಮಡಚುವ ಕುರ್ಚಿಯ ಮೇಲೆ ಕೂತಳು. ಗುಂಡಿಯನ್ನು ಮಂತ್ರಿಗಳೇ ಒತ್ತಿದರು.

ಲಿಫ್ಟು ಇಳಿಯತೊಡಗಿತು! ಜಾಲರಿ ಬಾಗಿಲಿನಾಚೆ ಒಂದೊಂದು ಮಹಡಿಯೂ ಮೇಲಕ್ಕೆ ಸರಿಯುತ್ತಿತ್ತು. ಆರನೆಯದರಲ್ಲಿ ಚಪ್ಪಾಳೆ, ಐದರಲ್ಲಿ ಶಿಳ್ಳೆ, ನಾಲ್ಕರಲ್ಲಿ ಯಾರೋ ತಟ್ಟೆ ಬಡಿಯುತ್ತಿದ್ದರು. ಡ್ರೈವರಮ್ಮ ಕೈಯಲ್ಲಿ ಇಲ್ಲದ ಸ್ಟಿಯರಿಂಗು ತಿರುಗಿಸುತ್ತ, "ಮುಂದಿನ ನಿಲ್ದಾಣ ಮೂರನೇ ಮಹಡಿ, ಇಳಿಯೋರು ಮುಂದೆ ಬನ್ನಿ!" ಎಂದು ಕೂಗಿದಳು. ಅಕ್ಕ ಎದುರಿನ ಕನ್ನಡಿಯನ್ನೇ ನೋಡುತ್ತಿದ್ದಳು.

"ಪುಟ್ಟಾ, ನಾನು ಯಾವಾಗ ಇಷ್ಟು ಮುದುಕಿ ಆದೆ?"

"ಹುಟ್ಟುವಾಗಲೇ," ಎಂದೆ. ನನ್ನ ಬಾಯಿಂದ ಇಂಥ ಮಾತು ಬಂದದ್ದು ಕೇಳಿ ಡ್ರೈವರಮ್ಮ ಒಂದು ಗಳಿಗೆ ಸ್ಟಿಯರಿಂಗು ಬಿಟ್ಟಳು.

ನೆಲ ಬಂತು. ಮಂತ್ರಿಗಳು ಕೈ ನೀಡಿದರು. ಛಾಯಾಚಿತ್ರದವರು ಸಾಲಾಗಿ ನಿಂತಿದ್ದರು. ಅಕ್ಕ ಅವರ ಕೈ ಹಿಡಿದು ಎದ್ದಳು. ಹೊಸ್ತಿಲ ಮೇಲೆ ನಿಂತು ಪಕ್ಕಕ್ಕೆ ತಿರುಗಿ ನೋಡಿದಳು. ಅಲ್ಲಿ ಇನ್ನೊಂದು ಬಾಗಿಲ ಜಾಗದಲ್ಲಿ ಹಲಗೆ ಹಾಗೆಯೇ ಇತ್ತು. ಅದರ ಮೇಲೆ ಒಂದು ಕೊಡೆ ತೂಗುತ್ತಿತ್ತು.

"ಅಲ್ಲಪ್ಪಾ, ಎರಡು ಇವೆ ಅಂದಿದ್ರಿ. ಇನ್ನೊಂದು ಎಲ್ಲಿ?"

ಛಾಯಾಚಿತ್ರದವರ ಹಿಂದೆ ನಿಂತಿದ್ದ ಗುಮಾಸ್ತರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಮಂತ್ರಿಗಳ ನಗು ಮುಖದ ಮೇಲೆ ಹಾಗೆಯೇ ನಿಂತುಬಿಟ್ಟಿತ್ತು. ನಾನು ಜೇಬಿನಿಂದ ಚೀಟಿ ತೆಗೆದು ಅಕ್ಕನ ಮಾತನ್ನು ಹಾಗೆಯೇ ಬರೆದುಕೊಂಡೆ. ಆರೇ ಪದಗಳಲ್ಲಿ, ವಾದವಿಲ್ಲದೆ, ವ್ಯಂಗ್ಯವಿಲ್ಲದೆ, ಇದಕ್ಕಿಂತ ಶುದ್ಧವಾದ ಪ್ರಶ್ನೆಯನ್ನು ನಾನು ನನ್ನ ಜೀವಮಾನದಲ್ಲಿ ರಚಿಸಿಲ್ಲ.

ಅಕ್ಕ ಉತ್ತರಕ್ಕೆ ಕಾಯಲಿಲ್ಲ. ಅವಳ ಕಣ್ಣು ಆಗಲೇ ಬೀದಿಯಂಚಿನ ತಳ್ಳುಗಾಡಿಯ ಮೇಲಿತ್ತು. ನನ್ನ ಭುಜ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಹೋದಳು. ತರಕಾರಿಯವನು ಅವಳನ್ನು ಇಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ನಿಂತ. ಇಬ್ಬರೂ ನಾಚಿಕೊಂಡು ನೆಲ ನೋಡುತ್ತಿದ್ದರು. ಅಕ್ಕ ಮೆಲ್ಲನೆ ಒಂದು ಟೊಮೇಟೊ ಎತ್ತಿಕೊಂಡಳು. ಒತ್ತಿದಳು.

ಅವಳ ಹೆಬ್ಬೆರಳು ಒಳಗಿಳಿಯಿತು.

"ಇದೇನಪ್ಪಾ ಇದು, ಟೊಮೇಟೊನೋ ಹತ್ತಿಯೋ!" ಎಂದು ಅಕ್ಕ ಹದಿನಾಲ್ಕು ತಿಂಗಳ ಅಭ್ಯಾಸದಂತೆ ಏಳು ಮಹಡಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು. ಎದುರಿಗೆ ಒಂದು ಮೊಳ ದೂರದಲ್ಲಿದ್ದ ಅವನು, ಅದೇ ಅಭ್ಯಾಸದಂತೆ ಕತ್ತನ್ನು ಆಕಾಶಕ್ಕೆ ಎತ್ತಿ, ಎರಡು ಕೈಯನ್ನೂ ಬಾಯಿಗೆ ಬೊಗಸೆ ಹಿಡಿದು ಕೂಗಿದ:

"ನಿಮ್ಮ ಹೆಬ್ಬೆರಳು ಕಬ್ಬಿಣದ ಗಡಾರಿ ಇದ್ದ ಹಾಗಿದೆ ಅಮ್ಮಾ!"